ಒಂಬತ್ತನೇ ಮಂಚದ ಜ್ವರ

ರಾತ್ರಿ ಒಂದೂ ನಲವತ್ತು. ಬಾಗಲಕೋಟೆಯ ನವನಗರ,
ಹೆಣ್ಣುಮಕ್ಕಳ ವಾರ್ಡು.
ಶಾವಂತ್ರವ್ವನ ಕಂಕುಳಿಂದ ಥರ್ಮಾಮೀಟರು ತೆಗೆದೆ:
ನೂರಾ ಒಂದು ಪಾಯಿಂಟು ನಾಕು.
ಗರ್ಭಚೀಲ ತೆಗೆಸಿ ಇದು ಮೂರನೇ ರಾತ್ರಿ.

ಮಂಚದ ಬದಿಗೆ ಚಾಪೆ ಹಾಸಿದವರು ಎದ್ದು ಕೂತರು.
ಕಾರಣ ಅವರ ಹತ್ತಿರ ಮೊದಲೇ ತಯಾರಿತ್ತು.
"ಫ್ಯಾನಿನ ಗಾಳಿ ಬಡದೈತ್ರಿ" ಅಂದ ಗಂಡ ಮುದಕಪ್ಪ.
"ಸಂಜಿಮುಂದ ಬಾಳಿಹಣ್ಣು ತಿನಿಸಿದ್ರಲ್ಲ, ಥಂಡಿ" ಅಂದಳು ನೆಗೆಣ್ಣಿ.
ಏಳನೇ ಮಂಚದ ಮುದುಕಿ, ಯಾರೂ ಕೇಳದೆ:
"ನೋಡಾಕ ಬಂದವರೊಳಗ ಒಬ್ಬಾಕಿ ಕಣ್ಣು ಚಲೋ ಇರಲಿಲ್ಲ ಬಿಡವಾ."

ನಾನು ಯಾರಿಗೂ ಅಲ್ಲ ಅನ್ನಲಿಲ್ಲ.
ನಮ್ಮದೂ ಒಂದು ಪಂಚಾಂಗ ಇದೆ,
ಕಲಿಯುವಾಗ ಮೇಡಂ ಬಾಯಿಪಾಠ ಮಾಡಿಸಿದ್ದು:
ಮೊದಲ ದಿನದ ಜ್ವರಕ್ಕ ಭಾಳ ಅಂಜಬ್ಯಾಡ್ರಿ,
ಕೊಯ್ದ ಮೈ ತನ್ನ ಸಿಟ್ಟು ತಾನ ತೀರಿಸಿಕೊಳ್ತದ.
ಆಮ್ಯಾಲೆ ಉಸಿರು. ಆಮ್ಯಾಲೆ ಉಚ್ಚಿ. ಐದರ ಸುತ್ತ ಹೊಲಿಗಿ.
ಕಾಲಾಗ ಹೆಪ್ಪುಗಟ್ಟಿದ ರಕ್ತಕ್ಕ ತಿಥಿ ಇಲ್ಲ, ಯಾವತ್ತೂ ಬಂದೀತು.
ಕೊಟ್ಟ ಔಷಧಿನೇ ಜ್ವರ ಆಗೂದೂ ಉಂಟು, ಅದನ್ನ ಕಡೀಕ ನೋಡ್ರಿ.

ಬೆನ್ನಿಗೆ ಸ್ಟೆಥೋಸ್ಕೋಪು ಇಟ್ಟೆ. "ಉದ್ದಕ ಉಸಿರು ಎಳಿಯವ್ವಾ."
ಎಳೆದಳು, ಹೊಟ್ಟೆ ಹಿಡಿದು ಅರ್ಧಕ್ಕೆ ಬಿಟ್ಟಳು.
ಊದಲು ಕೊಟ್ಟ ಮೂರು ಗುಂಡಿನ ಡಬ್ಬಿ ಕಿಟಕಿಯಲ್ಲಿ ಧೂಳು ಹಿಡಿದಿತ್ತು,
ಹೊಲಿಗೆ ಬಿಚ್ಚೀತೆಂದು ಒಂದು ಗುಂಡನ್ನೂ ಎಬ್ಬಿಸಿಲ್ಲ ಈಕೆ.
ಆದರೂ ತಳದ ತನಕ ಗಾಳಿ ಇಳಿಯುತ್ತಿತ್ತು. ಗೊರಗೊರ ಇಲ್ಲ.
ಮೂತ್ರದ ನಳಿಗೆ ಮೊನ್ನೆಯೇ ತೆಗೆದದ್ದು. ಉರಿ ಇಲ್ಲ.
ಪಟ್ಟಿ ಎತ್ತಿ ಟಾರ್ಚು ಹಿಡಿದರೆ ಹೊಲಿಗೆ ಒಣಗಿ ಸಪಾಟಾಗಿತ್ತು.
"ಡಾಕ್ಟರ ಕೈ ಚಲೋ ಐತಿ,
ನಾವೂ ಖಣಕ್ಕ ಇಂಥಾ ಅಂಚು ಕೂಡಿಸೂದಿಲ್ಲ" ಅಂದಳು, ಹಲ್ಲು ಕಟಕಟಿಸುತ್ತ.

ಗುಳೇದಗುಡ್ಡದಾಕೆ.
ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಇಳಿಬಿಟ್ಟು ತುಳಿದ ಕಾಲು.
ಮೀನಖಂಡ ಒತ್ತಿದೆ, ಟೇಪು ಸುತ್ತಿ ಅಳೆದೆ.
ಎಡ ಬಲ ಒಂದೇ ಅಳತೆ.
"ಕಾಲಿಗೂ ಕುಬಸ ಹೊಲಿತೀಯೇನು?" ಅಂದಳು.

ಹೊಸ ಗುಳಿಗೆ ಇಲ್ಲ. ರಕ್ತ ಏರಿಸಿಲ್ಲ.
ಡ್ಯೂಟಿ ಡಾಕ್ಟರಿಗೆ ಫೋನು ಹಚ್ಚುವ ಮೊದಲು
ನಾಡಿ ಎಣಿಸೋಣವೆಂದು ಬಲಗೈಗೆ ಕೈ ಚಾಚಿದೆ.
ಮುಟ್ಟುವ ಮೊದಲೇ ಎಳೆದುಕೊಂಡಳು.

ಸಲಾಯಿನ್ ಸೂಜಿಯಿಂದ ಮೊಣಕೈ ಕಡೆಗೆ
ಒಂದು ಕೆಂಪು ಎಳೆ, ಗೇಣುದ್ದ.
ಬಿಸಿ. ಗಂಜಿ ಹಚ್ಚಿ ಒಣಗಿಸಿದ ನೂಲಿನಷ್ಟು ಬಿರುಸು.
"ಯಾವಾಗಿಂದ?"
"ನಿನ್ನಿ ಮಧ್ಯಾನ್ನದಿಂದ ಕಡೀತಿತ್ತು."
"ಹೇಳಬಾರದೇನು?"
"ಕೊಯ್ದದ್ದು ಹೊಟ್ಟಿ. ಕೈ ಸುದ್ದಿ ಯಾರು ಕೇಳ್ತಾರ?"

ಕೇಳಿರಲಿಲ್ಲ, ಖರೆ.
ಬಿಳಿ ಟೇಪಿನ ಮೇಲೆ ಬಾಲ್‌ಪೆನ್ನಿನ ತಾರೀಖು, ಬೆವರಿಗೆ ಅರ್ಧ ಅಳಿಸಿದ್ದು.
ಪಕ್ಕದಲ್ಲಿ ಎರಡಕ್ಷರ.
ನನ್ನವು.
ಆಪರೇಷನ್ನಿನ ದಿನ ಒಂದೇ ಚುಚ್ಚಿಗೆ ನರ ಸಿಕ್ಕಿತೆಂದು
ಹಿಗ್ಗಿನಿಂದ ಸಹಿ ಮಾಡಿದ್ದೆ.
ಇವತ್ತು ಸಂಜೆ ಬದಲಿಸಬೇಕಿತ್ತು.
ಮೂವತ್ತೆರಡು ಮಂಚ, ನಾನು, ಇನ್ನೊಂದು ಹುಡುಗಿ.
ಇದು ನೆಪ. ನೆಪವೆಂದೇ ಹೇಳುತ್ತಿದ್ದೇನೆ.

ಸೂಜಿ ಕಿತ್ತೆ, ಹತ್ತಿ ಒತ್ತಿದೆ. ಡಾಕ್ಟರು ಫೋನಿನಲ್ಲಿ ಆಕಳಿಸಿ
ರಕ್ತ ಲ್ಯಾಬಿಗೆ ಕಳಿಸು, ಇನ್ನೊಂದು ಕೈಗೆ ಹಾಕು ಅಂದರು.
ಅಷ್ಟರಲ್ಲಿ ಮುದಕಪ್ಪ ಫ್ಯಾನು ಆರಿಸಿದ್ದ,
ಮುದುಕಿ ಮುಷ್ಟಿ ಉಪ್ಪು ನಿವಾಳಿಸಿದ್ದಳು.
ಬೆಳಗಾಗುವುದರೊಳಗೆ ಜ್ವರ ಇಳಿದರೆ
ಹೆಸರು ಯಾರಿಗೆ ಹೋಗುತ್ತದೆಂದು ನನಗೆ ಗೊತ್ತು, ಹೋಗಲಿ.

ಶಾವಂತ್ರವ್ವ ಎಡಗೈ ಚಾಚಿದಳು.
"ಲಾಳಿ ಜಗ್ಗೂ ಕೈ ಆತು, ಇನ್ನ ಇದು ಹಿಡಿ.
ತಾರೀಖು ದೊಡ್ಡದಾಗಿ ಬರಿ.
ನನಗ ಓದಾಕ ಬರೂದಿಲ್ಲ,
ಖರೆ ದಿನಾ ಕೇಳ್ತೀನಿ."